ಇದ್ದಿಲ ಕೋಣೆಯ ದನಿ

ಸೊಸೆಗೆ ಮೂಗಿತ್ತು, ವಾಸನೆಯ ಅರಿವಿರಲಿಲ್ಲ. ಹಿಂದೊಮ್ಮೆ ಬಂದ ಜ್ವರ ಅದನ್ನು ಹೊತ್ತುಕೊಂಡು ಹೋಗಿತ್ತು. ಹಾಗಾಗಿ ಕಾಫಿಯ ಕೆಲಸವೆಲ್ಲ ಅವಳದಾದರೂ ಹುರಿಯುವುದು ಮಾತ್ರ ಮಾವನದು. ಅವಳು ಕೆಂಪು ಹಣ್ಣನ್ನೇ ಆರಿಸಿ ಕೊಯ್ದು, ಸಿಪ್ಪೆ ಬಿಡಿಸಿ, ಲೋಳೆ ಹುಳಿಯಲು ತೊಟ್ಟಿಯಲ್ಲಿ ಬಿಟ್ಟು, ತೊಳೆದು, ಕಣದಲ್ಲಿ ಒಣಗಿಸಿ, ಒರಳಲ್ಲಿ ಕುಟ್ಟಿ, ಹೊಟ್ಟು ಕೇರಿ ಕೊಡುವಳು. ಆಮೇಲೆ ಮಾವ ಇದ್ದಿಲ ಒಲೆಯೊಂದಿಗೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವರು. ಕಿಟಕಿಯ ಸಂದಿಗೂ ಗೋಣಿಚೀಲ ತುರುಕಿದ್ದರು. ಘಮ ಹೊರಗೆ ಹೋದರೆ ಕಾಫಿ ಸಪ್ಪೆಯಾಗುತ್ತದೆ ಎಂಬುದು ಅವರ ವಾದ.

ಈಚೆಗೆ ಅವರು ಹೊರಬಂದಾಗ ಮುಖ ಕೆಂಪೇರಿರುತ್ತಿತ್ತು. ತಲೆ ಸಿಡಿಯುತ್ತಿದೆ ಎಂದು ಗೋಡೆ ಹಿಡಿದು ಕೂರುತ್ತಿದ್ದರು. ಒಳಗಿಂದ ಮಾತು ಬೇರೆ ಕೇಳಿಸುತ್ತಿತ್ತು. ಮಾವ ಏನೋ ಹೇಳುವುದು, ಸುಮ್ಮನಾಗುವುದು, ಉತ್ತರ ಸಿಕ್ಕವರಂತೆ ನಗುವುದು.

ಒಂದು ಮಧ್ಯಾಹ್ನ ಸೊಸೆ ಆ ಕೋಣೆಯ ಮೂಟೆ ಸರಿಸಿದಳು. ಹಿಂದೆ ಮನೆಯ ಬೆಕ್ಕು ಮೂರು ಮರಿಗಳಿಗೆ ಮೊಲೆ ಕೊಟ್ಟು ಮಲಗಿತ್ತು. ಗಾಯವಿಲ್ಲ, ರಕ್ತವಿಲ್ಲ. ನಾಲ್ಕೂ ತಣ್ಣಗಾಗಿದ್ದವು.

ಅವಳು ಊರಿನ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕರೆತಂದಳು. ನರ್ಸಮ್ಮ ಒಲೆ ನೋಡಿದರು, ಗೋಣಿಚೀಲ ನೋಡಿದರು. ಒಳಗೆ ಯಾರ ಹತ್ತಿರ ಮಾತಾಡುತ್ತೀರಿ ಎಂದು ಮಾವನನ್ನು ಕೇಳಿದರು.

ಮಾವ ಸೊಸೆಯ ಕಡೆ ತಿರುಗಿದರು. "ನಿಮ್ಮತ್ತೆ ಕರೀತಾಳೆ ಕಣಮ್ಮ. ಬೀಜ ಚಟಪಟ ಅನ್ನೋ ಹೊತ್ತಿಗೆ. ಬಾಗಿಲು ತೆಗೆದ್ರೆ ನಿಲ್ಲಿಸಿಬಿಡ್ತಾಳೆ."

ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ವಿಷಗಾಳಿ ತುಂಬುತ್ತದೆ, ಅದು ತಲೆಗೇರಿದರೆ ಇಲ್ಲದ ದನಿಯೂ ಕೇಳಿಸಬಹುದು, ಆಮೇಲೆ ಬರುವ ನಿದ್ದೆಯಿಂದ ಏಳುವುದಿಲ್ಲ ಎಂದು ನರ್ಸಮ್ಮ ಬಿಡಿಸಿ ಹೇಳಿದರು.

"ನನ್ನ ಮೂಗಿಗೆ ಗೊತ್ತಾಗಲ್ವಾ? ಮೂಗು ಕೆಟ್ಟಿರೋದು ನನ್ನ ಸೊಸೆಗೆ, ನನಗಲ್ಲ."

"ಅದಕ್ಕೆ ವಾಸನೆನೇ ಇಲ್ಲ, ಯಜಮಾನ್ರೇ. ಅದರ ಮುಂದೆ ನಿಮ್ಮ ಮೂಗೂ ಒಂದೇ, ಅವಳ ಮೂಗೂ ಒಂದೇ."

ಮಾವ ಕೇಳಲಿಲ್ಲ. ಮುಂದಿನ ವಾರ ಮತ್ತೆ ಬಾಗಿಲು ಹಾಕಿಕೊಂಡರು. ಸೊಸೆ ಹೊರಗೇ ಕೂತಳು. ಸೌಟಿನ ಸದ್ದು, ಬೀಜದ ಚಟಪಟ, ಮಾವನ ನಗು. ಆಮೇಲೆ ಮೆಲ್ಲಗೆ, "ಬಂದೆ. ತಡಿ, ಬಂದೆ."

ಸೌಟು ನಿಂತಿತು.

ಅವಳು ಒನಕೆಯಿಂದ ಅಗುಳಿ ಮುರಿದು, ಉಸಿರು ಬಿಗಿಹಿಡಿದು ನುಗ್ಗಿ, ಕಂಕುಳಿಗೆ ಕೈ ಹಾಕಿ ಮಾವನನ್ನು ಅಂಗಳಕ್ಕೆ ಎಳೆದಳು. ಒಳಗೆ ಬೀಜ ಕರಕಲಾಯಿತು. ಆಸ್ಪತ್ರೆಯಲ್ಲಿ ಎರಡು ದಿನ ಆಕ್ಸಿಜನ್ ಕೊಟ್ಟ ಮೇಲೆ ಮಾವ ಸರಿಯಾಗಿ ಮಾತಾಡಿದರು.

ಮನೆಗೆ ಬಂದವರು ಒಲೆಯನ್ನು ತಾವೇ ಅಂಗಳಕ್ಕೆ ತಂದಿಟ್ಟರು. ಗಾಳಿ ಬೀಸುತ್ತಿತ್ತು. ಬೀಜ ಚಟಪಟ ಅಂದಿತು. ಸೊಸೆ ಕೇಳಿದಳು, "ಕೇಳಿಸ್ತಾ ಮಾವ?"

ಅವರು ಸ್ವಲ್ಪ ಹೊತ್ತು ಕಿವಿಗೊಟ್ಟರು. "ಇಲ್ಲ," ಎಂದು ಸೌಟು ಅವಳ ಕೈಗೆ ಕೊಟ್ಟರು.

ಕಾಫಿ ಹುರಿಯುವವರೇ, ಇದ್ದಿಲ ಒಲೆಯನ್ನು ಬಯಲಿನಲ್ಲಿ ಹಚ್ಚಿ. ಆಗಷ್ಟೇ ಹುರಿದ ಬೀಜವೂ ಇದೇ ಗಾಳಿ ಬಿಡುತ್ತದೆ, ಮಲಗುವ ಕೋಣೆಯಲ್ಲಿ ಇಡಬೇಡಿ. ತಲೆ ಸಿಡಿದರೆ, ಕಣ್ಣು ಕತ್ತಲಿಟ್ಟರೆ, ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆಗೆ ಹೋಗಿ. ಮೂಗನ್ನು ನಂಬಬೇಡಿ.

ಈ ಮನೆಯಲ್ಲಿ ಹೋದದ್ದು ಒಂದು ಬೆಕ್ಕು, ಮೂರು ಮರಿ, ಒಂದು ಬಾಣಲೆ ಬೀಜ, ಒಂದು ದನಿ.