ಬೆನ್ನಿಗೆ ಹೇಳಿದ ಮಾತು

"ನನ್ನ ಮಾತನ್ನು ಅಜ್ಜನಷ್ಟು ಗಮನವಿಟ್ಟು ಕೇಳಿದವರು ಈ ಲೋಕದಲ್ಲೇ ಇಲ್ಲ" ಎಂದು ಅವಳು ಹೇಳಿದ್ದೇ ತಡ, ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಒಬ್ಬರಲ್ಲ, ಇಬ್ಬರು. ಅಜ್ಜನ ಜೊತೆ ನೇಯ್ಗೆ ಮಿಲ್ಲಿನಲ್ಲಿ ದುಡಿದ ಮುದುಕರು. ಒಬ್ಬ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡ, ಇನ್ನೊಬ್ಬ ಅವನ ಪಕ್ಕೆ ತಿವಿದ. ಅವಳ ಮಾತು ತಡವರಿಸಿತು. ಅಜ್ಜ ತೀರಿಕೊಂಡು ಎರಡು ವಾರವಾಗಿತ್ತು. ಕಾರ್ಮಿಕರ ಸಂಘದ ಹಾಲಿನಲ್ಲಿ ಬಾಡಿಗೆ ಕುರ್ಚಿ ಹಾಕಿಸಿ, ನಾಲ್ಕು ಜನ ನಾಲ್ಕು ಒಳ್ಳೆಯ ಮಾತಾಡಲಿ ಎಂದು ಅವಳೇ ಎಲ್ಲರನ್ನೂ ಕರೆದಿದ್ದಳು. ಬರೆದು ತಂದ ಹಾಳೆಯಲ್ಲಿ ಇನ್ನೂ ಅರ್ಧ ಉಳಿದಿತ್ತು: ಮೂವತ್ತಾರು ವರ್ಷ ಮಗ್ಗಗಳ ನಡುವೆ ನಿಂತೇ ಸವೆದ ಕಾಲು, ಕಡಿದ ಎಳೆಗೆ ಕಣ್ಣುಮುಚ್ಚಿ ಗಂಟು ಹಾಕುತ್ತಿದ್ದ ಬೆರಳು, ಮೊಮ್ಮಗಳ ಜಡೆಗೂ ಅದೇ ಗಂಟು ಹಾಕಿ, ಬಿಚ್ಚಲಾಗದೆ ಅಜ್ಜಿಯಿಂದ ಬೈಸಿಕೊಂಡದ್ದು. ಹೇಗೋ ಓದಿ ಮುಗಿಸಿ ಕೆಳಗಿಳಿದಳು.

ಚಹಾದ ಹೊತ್ತಿಗೆ, ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದವನೇ ಅವಳನ್ನು ಹುಡುಕಿಕೊಂಡು ಬಂದ. ಮಗ್ಗದಿಂದ ಮಗ್ಗಕ್ಕೆ ಒಂದೇ ಸಮನೆ ಓಡಾಡುತ್ತಿದ್ದನೆಂದು ಮಿಲ್ಲಿನವರು ಅವನಿಗೆ ಲಾಳಿ ಎಂದು ಹೆಸರಿಟ್ಟಿದ್ದರು. ಅವಳಿಗೆ ಅವನು ಚಿಕ್ಕಂದಿನಿಂದಲೂ ಲಾಳಿ ತಾತ.

"ತಪ್ಪು ತಿಳ್ಕೋಬೇಡ ತಾಯಿ. ಗಮನ ಇಟ್ಟು ಕೇಳ್ತಿದ್ದ ಅಂದ್ಯಲ್ಲ, ತಡ್ಕೊಳ್ಳೋಕೆ ಆಗ್ಲಿಲ್ಲ. ನಿಮ್ಮಜ್ಜಂಗೆ ಎಲ್ಲಿ ಕೇಳಿಸ್ತಿತ್ತು?"

ಕಿವಿ ಸ್ವಲ್ಪ ಮಂದವಾಗಿದ್ದದ್ದು ಮನೆಯವರಿಗೆಲ್ಲ ಗೊತ್ತೆಂದು ಅವಳು ಹೇಳಿದಳು.

"ಮಂದ ಅಲ್ಲಮ್ಮ. ಪೂರ್ತಿ ಹೋಗಿತ್ತು. ರಿಟೈರ್ ಆಗೋಕೆ ಮುಂಚೇನೇ. ಕಿವಿ ಪಕ್ಕ ತಗಡು ಬಡಿದ್ರೂ ತಿರುಗ್ತಿರ್ಲಿಲ್ಲ."

ಲಾಳಿ ತಾತ ತನ್ನ ಪಾಡಿಗೆ ಹೇಳುತ್ತಲೇ ಹೋದ. ಮಗ್ಗಗಳ ಆರ್ಭಟದಲ್ಲಿ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲವಂತೆ; ಎಲ್ಲರೂ ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದರಂತೆ. ಅದರಲ್ಲಿ ಅಜ್ಜ ಎತ್ತಿದ ಕೈ. ಹತ್ತು ಮಗ್ಗದಾಚೆ ಯಾರು ಯಾರನ್ನು ಬೈದರೂ ಇಲ್ಲಿಂದಲೇ ಹಿಡಿದುಬಿಡುತ್ತಿದ್ದ. ಕಿವಿ ಹೋದದ್ದು ತಿಳಿದರೆ ಮಗ್ಗ ಬಿಡಿಸಿ ಕಸ ಗುಡಿಸಲು ಹಾಕುತ್ತಾರೆಂದು, ಮಿಲ್ಲಿನ ಡಾಕ್ಟರು ಹಿಂದೆ ನಿಂತು ಪಿಸುಗುಟ್ಟಿದ ಪರೀಕ್ಷೆಯಲ್ಲಿ ಎದುರಿನ ಸಾಲಿನಲ್ಲಿದ್ದ ಲಾಳಿಯೇ ತುಟಿಯಲ್ಲಿ ಉತ್ತರ ಹೇಳಿಕೊಟ್ಟಿದ್ದ. ಮಿಲ್ಲು ಬಿಟ್ಟ ಮೇಲೂ ಅಜ್ಜ ಗುಟ್ಟು ಬಿಡಲಿಲ್ಲ. ಹೆಂಡತಿಗೂ ಹೇಳಲಿಲ್ಲ.

"ಯಾಕೋ ಅಂದ್ರೆ, 'ಕಿವುಡ ಅಂತ ಗೊತ್ತಾದ್ರೆ ಜನ ಮಾತಾಡ್ಸೋದನ್ನೇ ನಿಲ್ಲಿಸಿಬಿಡ್ತಾರೆ' ಅಂತಿದ್ದ."

ನಂಬಲಾರೆ ಎಂದುಕೊಂಡಷ್ಟೂ ಒಂದೊಂದಾಗಿ ನೆನಪು ಬಂದು ಎದುರಿಗೆ ನಿಂತಿತು. ಗದ್ದ ಹಿಡಿದು ಅವಳ ಮುಖವನ್ನು ಬೆಳಕಿಗೆ ತಿರುಗಿಸುತ್ತಿದ್ದ ಅಜ್ಜ. ಅದನ್ನವಳು ಮುದ್ದು ಎಂದುಕೊಂಡಿದ್ದಳು. ಫೋನು ಕೊಟ್ಟರೆ, ಮುಖ ಕಾಣದವರ ಜೊತೆ ಏನು ಮಾತು ಎಂದು ದೂರ ತಳ್ಳುತ್ತಿದ್ದ. ಅವಳ ಅಪ್ಪನಿಗೆ ತುಟಿ ಮುಚ್ಚುವಷ್ಟು ಪೊದೆ ಮೀಸೆ. ಮಾವ ತನ್ನ ಒಂದು ಮಾತಿಗೂ ಉತ್ತರ ಕೊಡುವುದಿಲ್ಲವೆಂದು ಅಪ್ಪ ಜೀವಮಾನವಿಡೀ ಮುಖ ಊದಿಸಿಕೊಂಡೇ ಇದ್ದ.

ಆಮೇಲೆ ಆ ಸಂಜೆಯೂ ನೆನಪಾಯಿತು.

ಆರು ವರ್ಷದ ಹಿಂದಿನ ಮಾತು. ಅವಳ ಗಂಡ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಕೆಲಸಕ್ಕೆ ಹೊರಟರೆ ಅವಳನ್ನು ಒಳಗೇ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. ಹೊಂದಿಕೊಂಡು ಹೋಗು, ಎಲ್ಲರ ಮನೆ ದೋಸೆಯೂ ತೂತೇ ಎಂದಿದ್ದಳು ಅಮ್ಮ. ಅಜ್ಜನಿಗೆ ಹುಷಾರಿಲ್ಲವೆಂಬ ನೆಪದಲ್ಲಿ ಎರಡು ದಿನ ಬಂದಿದ್ದವಳು, ಅವನ ಬೆನ್ನಿಗೆ ನೋವಿನ ಮುಲಾಮು ತಿಕ್ಕುತ್ತಾ ಎಲ್ಲವನ್ನೂ ಹೇಳಿಕೊಂಡಳು. ಮುಖ ನೋಡಿ ಹೇಳಲು ಬಾಯಿ ಬರುತ್ತಿರಲಿಲ್ಲ, ಬೆನ್ನಿಗೆ ಹೇಳುವುದು ಸುಲಭವಾಗಿತ್ತು. ಕೊನೆಗೆ, ಏನು ಮಾಡಲಿ ಅಜ್ಜ ಎಂದು ಕೇಳಿದಳು. ಅಜ್ಜ ಕೈಯನ್ನು ಹಿಂದಕ್ಕೆ ಚಾಚಿ ಅವಳ ಬೆರಳು ಹಿಡಿದುಕೊಂಡು, "ಸಾಕು ಕಣೇ, ಇನ್ನು ಬಿಟ್ಟುಬಿಡು" ಎಂದಿದ್ದ.

ಅವಳು ಬಿಟ್ಟುಬಿಟ್ಟಳು. ತಿರುಗಿ ಹೋಗಲಿಲ್ಲ. ಕಾರು ಓಡಿಸಲು ಕಲಿತಳು, ಈಗ ಬೇರೆಯವರಿಗೆ ಕಲಿಸುತ್ತಾಳೆ. ಕೇಳಿದವರಿಗೆಲ್ಲ ಅಜ್ಜನೇ ಹೇಳಿದ್ದು ಎಂದಳು. ಅಮ್ಮನಿಗೆ ಅದು ಮುಳ್ಳಾಗಿ ಉಳಿಯಿತು. ತನ್ನ ಮಗಳ ಸಂಸಾರ ಒಡೆದವನು ತನ್ನಪ್ಪನೇ ಎಂದು, ಕೊನೆಯವರೆಗೂ ಊಟ, ಔಷಧಿಗೆ ಕಡಿಮೆ ಮಾಡದಿದ್ದರೂ ಮಾತು ಮಾತ್ರ ಅಳೆದು ತೂಗಿ ಆಡಿದಳು.

ಅವನು ಬಿಟ್ಟುಬಿಡು ಎಂದದ್ದು ಬೆನ್ನು ತಿಕ್ಕುವುದನ್ನು.

ಜನ ಒಬ್ಬೊಬ್ಬರಾಗಿ ಹೋದರು. ಅಮ್ಮ ಖಾಲಿ ಲೋಟಗಳನ್ನು ಆರಿಸುತ್ತಿದ್ದಳು. ಅವಳು ಹತ್ತಿರ ಹೋಗಿ, ನಿಲ್ಲಿಸದೆ ಹೇಳಿದಳು: ಲಾಳಿ ತಾತ ಹೇಳಿದ್ದು, ಮುಲಾಮಿನ ಸಂಜೆ, ಎಲ್ಲ. "ಅಜ್ಜ ನಂಗೆ ಏನೂ ಹೇಳೇ ಇಲ್ಲಮ್ಮ. ಅವ್ರಿಗೆ ಒಂದು ಮಾತೂ ಕೇಳಿಸಿರ್ಲಿಲ್ಲ. ನೀನು ಸುಮ್‌ಸುಮ್ನೆ ಅವ್ರ ಮೇಲೆ..."

ಅಮ್ಮ ಲೋಟಗಳನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದಳು.

"ನೀನು ಬಿಟ್ಟು ಬಂದ ಮೂರನೇ ದಿನ ಹೋಗಿ ನಿಮ್ಮಜ್ಜನ ಎದುರಿಗೇ ನಿಂತು ಕೇಳಿದ್ದೆ," ಎಂದಳು. "'ಗಂಡನ್ನ ಬಿಟ್ಟುಬಿಡು ಅಂತ ಅವಳಿಗೆ ನೀವು ಹೇಳಿದ್ರಾ?' ಅಂತ. ನನ್ನ ಬಾಯನ್ನೇ ನೋಡ್ತಾ ಇದ್ರು. 'ಇನ್ನೊಂದ್ಸಲ ಹೇಳು' ಅಂದ್ರು. ಹೇಳಿದೆ. ಬೀಗ ಹಾಕ್ತಾನಂತೆ ಅನ್ನೋದನ್ನೂ ಹೇಳಿದೆ."

"ಅದಕ್ಕೆ?"

"ನನ್ನ ಬಾಯಿಂದ ಕಣ್ಣು ತೆಗೆದು ಬಾಗಿಲ ಕಡೆ ನೋಡಿದ್ರು. ಆಮೇಲೆ, 'ಹೌದು, ನಾನೇ ಹೇಳಿದ್ದು' ಅಂದ್ರು."

ಕುರ್ಚಿ ಬಾಡಿಗೆಯವನು ಬಂದು, ಇದ್ದ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಗಾಡಿಗೆ ಸಾಗಿಸತೊಡಗಿದ. ಅಮ್ಮ ಕೂತಿದ್ದ ಒಂದೇ ಕುರ್ಚಿ ಉಳಿಯಿತು. ಅವನು ಒಮ್ಮೆ ಕೆಮ್ಮಿದ. ಯಾರೂ ತಿರುಗಿ ನೋಡದಿದ್ದಾಗ, ಕುರ್ಚಿ ಕಟ್ಟುವ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಒರಗಿ ನಿಂತ.