ಐದು ವಿಳಾಸದ ಕಾರ್ಡು

ಕಾಮಾಕ್ಷಿಪಾಳ್ಯದ ಲಿಂಗಮ್ಮನಿಗೆ ಕಾಗದ ಎಂದರೆ ಮೈಯೆಲ್ಲ ಉರಿ. ಲಗ್ನಪತ್ರಿಕೆ ತಂದವರನ್ನೂ ಬಾಗಿಲಲ್ಲೇ ನಿಲ್ಲಿಸಿ, ಅದರಲ್ಲಿ ಏನಿದೆ ಎಂದು ಯಾರಾದರೂ ಓದಿ ಹೇಳಿದ ಮೇಲೆಯೇ ಕೈಗೆ ತೆಗೆದುಕೊಳ್ಳುತ್ತಿದ್ದಳು. ಕಾರಣ ಇಲ್ಲದೆ ಇರಲಿಲ್ಲ. ಕೆಂಗೇರಿಯ ಆಚೆ ಅವಳಿಗೆ ಎರಡು ಎಕರೆ ಹೊಲವಿತ್ತು. ಗಂಡ ತೀರಿಕೊಂಡ ಮೇಲೆ ಅದನ್ನು ಗೇಣಿಗೆ ಕೊಟ್ಟಿದ್ದಳು. ಉಳುವವನಿಗೇ ನೆಲ ಎಂಬ ಕಾನೂನು ಬಂದಾಗ, ಹದಿನೈದು ವರ್ಷ ಅಲ್ಲಿ ಬೆವರು ಸುರಿಸಿದ್ದ ಗೇಣಿದಾರ ಅರ್ಜಿ ಹಾಕಿದ, ಹೊಲ ಅವನದಾಯಿತು. ಅದು ನ್ಯಾಯವೇ ಎಂದು ಲಿಂಗಮ್ಮನ ಬುದ್ಧಿ ಒಪ್ಪುತ್ತಿತ್ತು, ಹೊಟ್ಟೆ ಮಾತ್ರ ಒಪ್ಪುತ್ತಿರಲಿಲ್ಲ. ಈಗ ಉಳಿದದ್ದು ಆರು ಮನೆಗಳ ವಠಾರ ಒಂದೇ. ಅದರ ಬಾಡಿಗೆಯಿಂದಲೇ ಅವಳ ಒಲೆ ಉರಿಯಬೇಕು.

ಎಪ್ಪತ್ತಾರನೇ ಇಸವಿಯ ಆರಂಭದಲ್ಲಿ ಆ ವಠಾರದ ನಾಲ್ಕನೇ ಮನೆಗೆ ರಾಕ್ಕಮ್ಮ, ಅವಳ ಗಂಡ ಪೆರಿಯಣ್ಣನ್ ಮತ್ತು ಇಬ್ಬರು ಮಕ್ಕಳು ಬಂದರು. ಸಿಲೋನಿನಿಂದ ಬಂದವರು. ಅವರ ಮುತ್ತಜ್ಜಂದಿರು ಬ್ರಿಟಿಷರ ಕಾಲದಲ್ಲಿ ಟೀ ತೋಟದ ಕೂಲಿಗೆಂದು ಹಡಗು ಹತ್ತಿದ್ದರು. ಎರಡು ಸರ್ಕಾರಗಳು ಒಪ್ಪಂದ ಮಾಡಿಕೊಂಡು ಮರಿಮಕ್ಕಳನ್ನು ಈಚೆಗೆ ಕಳಿಸಿದವು. ಅಲ್ಲಿದ್ದಾಗ ಅವರನ್ನು ಇಂಡಿಯಾದವರು ಎನ್ನುತ್ತಿದ್ದರು, ಇಲ್ಲಿಗೆ ಬಂದರೆ ಸಿಲೋನಿನವರು ಎಂದರು. ಪೆರಿಯಣ್ಣನ್ ಲೇತ್ ಕಾರ್ಖಾನೆಯಲ್ಲಿ ಕೆಲಸ ಹಿಡಿದ. ರಾಕ್ಕಮ್ಮ ಮನೆಯಲ್ಲೇ ಕೂತು ಅಗರಬತ್ತಿ ಹೊಸೆಯುತ್ತಿದ್ದಳು, ಅವಳ ಬೆರಳುಗಳು ಯಾವಾಗಲೂ ಕಪ್ಪಾಗಿರುತ್ತಿದ್ದವು.

ಓಣಿಯ ಕೊನೆಯಲ್ಲಿ ಕನ್ನಡ ಕ್ರೈಸ್ತ ಸಭೆಯ ಪುಟ್ಟ ಹೆಂಚಿನ ದೇವಾಲಯವಿತ್ತು. ಭಾನುವಾರ ಆರಾಧನೆ ಮುಗಿಯುವ ಮುಂಚೆ ಪಾದ್ರಿ ಅಯ್ಯನವರು ವಾರದ ಪ್ರಕಟಣೆ ಓದುತ್ತಿದ್ದರು. ಅವರ ಗಂಟಲು ಎಷ್ಟು ದೊಡ್ಡದೆಂದರೆ ಎಲ್ಲವೂ ಲಿಂಗಮ್ಮನ ಜಗಲಿಗೆ ಕೇಳುತ್ತಿತ್ತು. ಯಾರ ಮಗಳಿಗೆ ಮದುವೆ, ಯಾರಿಗೆ ಕಾಯಿಲೆ, ಯಾರ ಮನೆಯಲ್ಲಿ ಪ್ರಾರ್ಥನಾ ಕೂಟ, ಎಲ್ಲ ಅವಳಿಗೆ ಗೊತ್ತು. ಒಳಗೆ ಬೆಂಚಿನ ಮೇಲೆ ತೂಕಡಿಸುವವರಿಗಿಂತ ಹೊರಗೆ ಅವರೆಕಾಯಿ ಸುಲಿಯುತ್ತಾ ಕೂತ ಲಿಂಗಮ್ಮನಿಗೇ ಸಭೆಯ ಸುದ್ದಿ ಹೆಚ್ಚು ತಿಳಿದಿತ್ತು.

ಆ ಸಭೆಯ ಹೆಂಗಸರದ್ದು ಒಂದು ಪದ್ಧತಿ. ದಿನವೂ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕುತ್ತಾರೆ. ಭಾನುವಾರ ಎಲ್ಲರ ಡಬ್ಬಿಯೂ ಒಂದೇ ಚೀಲಕ್ಕೆ ಸುರಿಯುತ್ತದೆ. ಹಿಡಿ ಅಕ್ಕಿ ಎಂದು ಅದರ ಹೆಸರು. ಐದು ತಿಂಗಳಿಂದ ಆ ಚೀಲ ನೇರವಾಗಿ ರಾಕ್ಕಮ್ಮನ ಮನೆಗೆ ಹೋಗುತ್ತಿತ್ತು. ತರುತ್ತಿದ್ದವರು ಕೃಪಾವತಿ ಟೀಚರು, ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವವರು. ಆ ಮನೆಯವರು ಮುರುಗನಿಗೆ ಕೈಮುಗಿಯುವವರಲ್ಲವೇ ಎಂದು ಲಿಂಗಮ್ಮ ಒಮ್ಮೆ ಕೇಳಿದ್ದಳು. ಹಸಿವಿಗೆ ಯಾವ ದೇವರು ಎಂದು ನಾವು ಕೇಳಿಲ್ಲ ಎಂದು ಟೀಚರು ಹೇಳಿ ಹೋಗಿದ್ದರು.

ಆರನೇ ತಿಂಗಳ ಒಂದು ಸಂಜೆ ರಾಕ್ಕಮ್ಮ ಆ ಚೀಲವನ್ನು ಒಳಗೆ ತೆಗೆದುಕೊಳ್ಳಲಿಲ್ಲ.

"ಟೀಚರಮ್ಮ, ಕೋಪ ಬೇಡಾಮ್ಮ. ನಿಮ್ಮ ಅರಿಶಿ ತಿಂದು ಮಕ್ಕಳು ಬದುಕಿದ್ರು," ಎಂದಳು ತಮಿಳು ಬೆರೆತ ತನ್ನ ಹರಕು ಕನ್ನಡದಲ್ಲಿ. "ಆದ್ರೆ ಎಷ್ಟು ದಿನ ಕೈ ನೀಟೋದು? ನಂಗೆ ಕಾರ್ಡು ಬೇಕು. ಎಲ್ಲಾರ ಜೊತೆ ಕ್ಯೂ ನಿಂತು ನಾನೇ ವಾಂಗ್ತೀನಿ."

ಕೃಪಾವತಿ ಟೀಚರು ತಬ್ಬಿಬ್ಬಾದರು. ಐದು ತಿಂಗಳು ಅಕ್ಕಿ ಹೊತ್ತು ತಂದಿದ್ದರು, ಇವರಿಗೆ ರೇಷನ್ ಕಾರ್ಡು ಇದೆಯೇ ಎಂದು ಒಂದು ದಿನವೂ ಕೇಳಿರಲಿಲ್ಲ. ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲವನ್ನೂ ರಾಕ್ಕಮ್ಮ ಹೊರಗೆ ದುಬಾರಿ ಬೆಲೆಗೆ ಕೊಳ್ಳುತ್ತಿದ್ದಳು. ಟೀಚರಿಗೆ ತಮ್ಮ ಮೇಲೇ ನಾಚಿಕೆಯಾಯಿತು. ಮುಂದಿನ ಭಾನುವಾರ ಸಭೆಯ ಮುಂದೆ ನಿಂತು ಅದನ್ನು ಮುಚ್ಚಿಡದೆ ಹೇಳಿದರು. ಹೆಂಗಸರೆಲ್ಲ ಸೇರಿ ರೇಷನ್ ಆಫೀಸಿಗೆ ಅರ್ಜಿ ಕೊಟ್ಟರು. ಹೊಸಬರ ಕಾರ್ಡಿಗಾಗಿ ಅಧಿಕಾರಿಗಳು ಒಂದು ಶನಿವಾರ ದೇವಾಲಯದ ಅಂಗಳದಲ್ಲೇ ಬಂದು ಕೂರಲು ಒಪ್ಪಿದರು. ಒಂದೇ ಷರತ್ತು: ಬಾಡಿಗೆದಾರರು ಈ ಮನೆಯಲ್ಲಿ ಇರುವುದು ನಿಜ ಎಂದು ಮನೆಯ ಯಜಮಾನರು ತಾವೇ ಬಂದು ರುಜು ಹಾಕಬೇಕು. ಅದರ ಮುಂಚಿನ ಭಾನುವಾರ ಈ ಪ್ರಕಟಣೆ ಜಗಲಿಗೂ ಕೇಳಿಸಿತು. ಲಿಂಗಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಂದು ಸಾಯಂಕಾಲವೇ ಟೀಚರು ಬಂದು ಬಾಗಿಲು ತಟ್ಟಿದರು. ಲಿಂಗಮ್ಮ ಮಣೆ ಹಾಕಿ, ಕಾಫಿ ಕೊಟ್ಟು, ಆಮೇಲೆ ಹೇಳಿದಳು.

"ಮೇಷ್ಟ್ರಮ್ಮ, ನಿಮ್ ಮೇಲೆ ನಂಗೆ ಗೌರವ ಐತೆ. ಆದ್ರೆ ಕಾಗ್ದದ ಮಾತು ಎತ್ಬೇಡಿ. ನನ್ ಹೊಲ ಹೋಗಿದ್ದು ಒಂದು ಕಾಗ್ದದಿಂದ್ಲೇ. ಈ ಮನೆ ನಂಬರ್ ಬರ್ದು, ಆಯಮ್ಮನ ಹೆಸ್ರಿಗೆ ಸರ್ಕಾರದ ಸೀಲ್ ಬಿದ್ರೆ, ನಾಳೆ ಮನೇನೂ ಅವಳ್ದೇ ಅಂತಾರೆ. ಆಮೇಲೆ ನಾನೆಲ್ಲಿಗೆ ಹೋಗ್ಲಿ?"

ಟೀಚರು ಕಾಫಿ ಕುಡಿದು ಎದ್ದರು. ಮಾರನೇ ದಿನ ಶಾಲೆ ಬಿಟ್ಟ ಮೇಲೆ ಮತ್ತೆ ಬಂದು, ಸೆರಗಿನಡಿಯಿಂದ ತಮ್ಮದೇ ರೇಷನ್ ಕಾರ್ಡು ತೆಗೆದು ಲಿಂಗಮ್ಮನ ತೊಡೆಯ ಮೇಲಿಟ್ಟರು. ಅಂಚೆಲ್ಲ ಸವೆದು ಹೋದ ಹಳೆಯ ಕಾರ್ಡು.

"ನಿಮ್ಗೆ ಓದಕ್ಕೆ ಬರ್ದಿದ್ರೂ ಗೀಟು ಕಾಣತ್ತಲ್ಲ, ಎಣಿಸಿ ಲಿಂಗಮ್ನೋರೆ," ಎಂದರು.

ಲಿಂಗಮ್ಮ ಬೆರಳಿಟ್ಟು ಎಣಿಸಿದಳು. ಒಂದರ ಕೆಳಗೊಂದು ಐದು ಸಾಲು. ನಾಲ್ಕು ಸಾಲುಗಳ ಮೇಲೆ ಕೆಂಪು ಮಸಿಯಲ್ಲಿ ಗೀಟು ಎಳೆದಿತ್ತು, ಐದನೆಯದು ಹಾಗೇ ಇತ್ತು.

"ಇದು ಚಾಮರಾಜಪೇಟೆ ಮನೆ. ಇದು ಶ್ರೀರಾಮಪುರ. ಇದು ಪ್ರಕಾಶನಗರ, ಇದು ರಾಜಾಜಿನಗರ. ಕಡೇದು ಈಗಿರೋದು. ಎಲ್ಲಾ ಬಾಡಿಗೆ ಮನೇನೇ. ಮನೆ ಬದಲಾಯಿಸ್ದಾಗೆಲ್ಲ ಹಳೇದನ್ನ ಹೊಡ್ದು ಹಾಕಿ ಹೊಸದು ಬರೀತಾರೆ. ಕಾರ್ಡಿಂದ ಮನೆ ಸಿಗೋ ಹಾಗಿದ್ರೆ ನಂಗೀಗ ಐದು ಮನೆ ಇರ್ಬೇಕಿತ್ತು. ಬೆಳಿಗ್ಗೆ ಬೀದಿ ನಲ್ಲೀಲಿ ನಿಮ್ ಹಿಂದೆ ಬಿಂದಿಗೆ ಹಿಡ್ಕೊಂಡು ಯಾಕೆ ನಿಲ್ತಿದ್ದೆ ಹೇಳಿ?"

ಲಿಂಗಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊಲದ ಕಾನೂನು ಬೇಸಾಯದ ಭೂಮಿಗೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಟೀಚರು ನಿಧಾನವಾಗಿ ಬಿಡಿಸಿ ಹೇಳಿದರು. ಈ ಮನೆಯಲ್ಲಿ ಇಷ್ಟು ಜನ ಉಣ್ಣುತ್ತಾರೆ ಎಂದು ಕಾರ್ಡು ಹೇಳುತ್ತದೆಯೇ ಹೊರತು ಮನೆ ಯಾರದು ಎಂದು ಹೇಳುವುದಿಲ್ಲ. ಲಿಂಗಮ್ಮನಿಗೆ ಎಲ್ಲ ಅರ್ಥವಾಯಿತು. ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಹೆದರಿಕೆ ಕೂತೇ ಇತ್ತು.

ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದ ರಾಕ್ಕಮ್ಮ ತನ್ನ ಮನೆಗೆ ಹೋಗಿ ಒಂದು ಗಂಟು ತಂದಳು. ಒಳಗೆ ಒಂದು ಕಾಗದವಿತ್ತು, ಮೇಲೆ ಮನೆಯವರ ಫೋಟೋ, ಕೆಳಗೆ ಮೊಹರು. ಹಡಗಿಳಿದಾಗ ತಮಿಳುನಾಡಿನ ಮಂಡಪಂ ಕ್ಯಾಂಪಿನಲ್ಲಿ ಕೊಟ್ಟದ್ದು.

"ನಂಗೂ ಪೇಪರ್ ಅಂದ್ರೆ ಬಯಾಮ್ಮ," ಎಂದಳು. "ಅಲ್ಲಿ ಒಂದು ಪೇಪರ್ ಬಂತು. ಹೋಗು ಅಂತು. ನಮ್ಮಮ್ಮನ ಸಮಾಧಿ ಅಲ್ಲೇ ಬಿಟ್ಟು ಬಂದೆ. ನಿಮ್ಮ ಮನೆ ನಂಗೆ ಬೇಡ. ನಾಳೆ ಹೋಗು ಅಂದ್ರೂ ಹೋಗ್ತೀನಿ. ಆದ್ರೆ ಇಲ್ಲಿ ಇದ್ದೆ ಅಂತ ಒಬ್ರಾದ್ರೂ ಹೇಳ್ಬೇಕಲ್ಲ."

ಎರಡು ಎಕರೆಗೆ ತಾನು ಇಷ್ಟು ದಿನ ಅತ್ತದ್ದು ಲಿಂಗಮ್ಮನಿಗೆ ನೆನಪಾಯಿತು. ಇವಳು ಹುಟ್ಟಿದ ನೆಲವನ್ನೇ ಬಿಟ್ಟು ಬಂದಿದ್ದಾಳೆ, ಆರು ತಿಂಗಳಿಂದ ಗೋಡೆಯಾಚೆಗೇ ಇದ್ದಾಳೆ, ಒಂದು ದಿನವೂ ತಾನು ಕೂತು ಕೇಳಲಿಲ್ಲ. ಅವಳ ಕಪ್ಪು ಬೆರಳುಗಳನ್ನು ಹಿಡಿದುಕೊಂಡು, "ಶನಿವಾರ ಬರ್ತೀನಿ ಕಣವ್ವ," ಎಂದಳು.

ಶನಿವಾರ ದೇವಾಲಯದ ಅಂಗಳದಲ್ಲಿ ಮೇಜು ಹಾಕಿದ್ದರು. ಸಿಲೋನಿನಿಂದ, ಬರ್ಮಾದಿಂದ ಬಂದ ಇಪ್ಪತ್ತಮೂರು ಮನೆಯವರು ಸಾಲಾಗಿ ನಿಂತಿದ್ದರು. ಮನೆ ಯಜಮಾನರು ಮಾತ್ರ ಬೇಲಿಯ ಹೊರಗೆ ಗುಂಪಾಗಿ ನಿಂತು ಬೀಡಿ ಸೇದುತ್ತಿದ್ದರು, ಒಬ್ಬರೂ ಒಳಗೆ ಕಾಲಿಡುತ್ತಿರಲಿಲ್ಲ. ಅವರಲ್ಲಿ ತಿಮ್ಮಯ್ಯನೇ ದೊಡ್ಡ ಕುಳ, ಹದಿನಾಲ್ಕು ಮನೆಗಳ ಒಡೆಯ. ಲಿಂಗಮ್ಮ ರಾಕ್ಕಮ್ಮನ ಕೈಹಿಡಿದು ಬರುವುದನ್ನು ಕಂಡು ಅವನು ನಕ್ಕ.

"ಏನಕ್ಕ, ಹೊಲ ಕಳ್ಕೊಂಡಿದ್ದು ಸಾಲ್ದಾ? ಮನೇನೂ ಬರ್ದು ಕೊಡಕ್ಕೆ ಬಂದ್ಯಾ?"

ಲಿಂಗಮ್ಮ ನೇರವಾಗಿ ಮೇಜಿನ ಮುಂದೆ ಹೋಗಿ, ಈಯಮ್ಮ ನನ್ನ ನಾಲ್ಕನೇ ಮನೆಯಲ್ಲಿ ಇರುವುದು ನಿಜ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಮಸಿಗೆ ಹೆಬ್ಬೆಟ್ಟು ಅದ್ದಿ ಕಾಗದದ ಮೇಲೆ ಒತ್ತಿದಳು. ಆಮೇಲೆ ಟೀಚರ ಕೈಯಿಂದ ಹಳೆಯ ಕಾರ್ಡು ಇಸಕೊಂಡು ಬೇಲಿಯ ಹತ್ತಿರಕ್ಕೆ ನಡೆದಳು.

"ತಿಮ್ಮಯ್ಯ, ನೀನು ಓದ್ದೋನು. ಇದ್ರಲ್ಲಿ ಎಷ್ಟು ಮನೆ ಐತೆ ನೋಡು. ಮೇಷ್ಟ್ರಮ್ಮ ಎಷ್ಟು ಮನೆಗೆ ಒಡತಿ ಅಂತ ನೀನೇ ಹೇಳು."

ತಿಮ್ಮಯ್ಯ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದ. ಅವನ ಹಿಂದಿನವರು ಬಗ್ಗಿ ನೋಡಿದರು. ಐದು ವಿಳಾಸ, ನಾಲ್ಕು ಗೀಟು. ರಾಜಾಜಿನಗರದ ವಿಳಾಸ ತನ್ನ ಷಡ್ಡಕನದೇ ಮನೆಯದು ಎಂದು ತಿಮ್ಮಯ್ಯನಿಗೆ ಗುರುತು ಹತ್ತಿತು. ಟೀಚರು ಅಲ್ಲಿಂದ ಖಾಲಿ ಮಾಡಿ ಎರಡು ವರ್ಷವಾಗಿತ್ತು, ಷಡ್ಡಕನ ಮನೆ ಷಡ್ಡಕನದ್ದಾಗಿಯೇ ಇತ್ತು. ಅವನು ಬೀಡಿ ಎಸೆದು, ಕೆಮ್ಮಿ, ಪಂಚೆ ಸರಿಮಾಡಿಕೊಂಡು ಗೇಟಿನೊಳಗೆ ಬಂದ. ಅವನು ಬಂದ ಮೇಲೆ ಉಳಿದವರು ನಿಲ್ಲುತ್ತಾರೆಯೇ? ಸಾಯಂಕಾಲದ ಹೊತ್ತಿಗೆ ಇಪ್ಪತ್ತಮೂರು ಅರ್ಜಿಗಳಿಗೂ ರುಜು ಬಿದ್ದಿತ್ತು. ಅಯ್ಯನವರು ಯಾರೂ ಹೇಳದೆಯೇ ಹೋಗಿ ದೇವಾಲಯದ ಗಂಟೆ ಬಾರಿಸಿದರು. ಲಿಂಗಮ್ಮ ತನ್ನ ಕಪ್ಪು ಹೆಬ್ಬೆಟ್ಟನ್ನು ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತಾ ಮನೆಗೆ ಹೋದಳು.

ಒಂದೂವರೆ ತಿಂಗಳ ಮೇಲೆ ಒಂದು ಭಾನುವಾರ ಲಿಂಗಮ್ಮ ಎಂದಿನಂತೆ ಜಗಲಿಯ ಮೇಲೆ ಕೂತಿದ್ದಳು. ಅಯ್ಯನವರ ದನಿ ಬಂತು. ಈ ವಾರ ಹಿಡಿ ಅಕ್ಕಿ ಕೊಟ್ಟವರ ಹೆಸರು ಓದುತ್ತಿದ್ದರು. ಕೊನೆಯ ಹೆಸರು ರಾಕ್ಕಮ್ಮ. ತನ್ನ ಕಾರ್ಡಿನಲ್ಲಿ, ತಾನೇ ಕ್ಯೂ ನಿಂತು ಕೊಂಡ ಅಕ್ಕಿಯಲ್ಲಿ ಅವಳು ದಿನಕ್ಕೊಂದು ಹಿಡಿ ಎತ್ತಿಟ್ಟಿದ್ದಳು. ಮಂಡಪಂನಿಂದ ಇನ್ನೊಂದು ಸಂಸಾರ ಬಂದಿದೆ, ಚೀಲ ಅವರಿಗೆ, ಅವರಿಗೊಂದು ಮನೆಯೂ ಬೇಕು ಎಂದರು ಅಯ್ಯನವರು.

ಲಿಂಗಮ್ಮನ ಆರನೇ ಮನೆ ಖಾಲಿ ಇತ್ತು. ಅವಳು ಬೀಗದ ಕೈ ತೆಗೆದುಕೊಂಡು ಸರಸರ ನಡೆದು, ಜನ ಹೊರಗೆ ಬರುವ ಹೊತ್ತಿಗೆ ದೇವಾಲಯದ ಬಾಗಿಲಲ್ಲಿ ನಿಂತಿದ್ದಳು. ಅಯ್ಯನವರ ಜೊತೆ ಹೊರಗೆ ಬಂದ ಹೊಸ ಸಂಸಾರ ಮಾತಾಡುವ ಮುಂಚೆ ಅವಳೇ ಹೆಬ್ಬೆಟ್ಟು ಮುಂದೆ ಚಾಚಿದಳು.

"ಮನೆ ಐತೆ. ಕಾಗ್ದ ಎಲ್ಲಿ, ತನ್ನಿ, ಮೊದ್ಲು ಒತ್ಬಿಡ್ತೀನಿ."

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಬೇರೆ ದೇಶದಿಂದಲೋ ಬೇರೆ ಊರಿಂದಲೋ ಬಂದ ಒಂದು ಮನೆ ಇದ್ದೇ ಇರುತ್ತದೆ. ಅವರಿಗೆ ಒಂದು ಹಿಡಿ ಅಕ್ಕಿ ಕೊಡಿ, ಒಳ್ಳೆಯದು. ಆದರೆ ಕೊಡುವಾಗ, ಕಾರ್ಡು ಇದೆಯೇ ಎಂದು ಒಂದು ಮಾತು ಕೇಳಿ. ಇಲ್ಲ ಎಂದರೆ ಅವರ ಜೊತೆ ರೇಷನ್ ಆಫೀಸಿಗೆ ಹೋಗಿ. ಮನೆ ನಿಮ್ಮದಾಗಿದ್ದರೆ ಹೆದರದೆ ರುಜು ಹಾಕಿ. ನಿಮ್ಮ ಮನೆ ಎಲ್ಲಿಗೂ ಹೋಗುವುದಿಲ್ಲ. ಲಿಂಗಮ್ಮನ ಆರು ಮನೆಗಳೂ ಇವತ್ತಿಗೂ ಅವಳವೇ. ಅನುಮಾನವಿದ್ದರೆ ಕಾಮಾಕ್ಷಿಪಾಳ್ಯಕ್ಕೆ ಬಂದು ಅವಳನ್ನೇ ಕೇಳಿ, ಕಾಫಿ ಕೊಟ್ಟು ಹೇಳುತ್ತಾಳೆ.