ನನ್ನ ಮೇಲೆ ನಾನೇ ಬರೆದ ದೂರು

ಮೂವತ್ತೊಂದು ವರ್ಷ ನಗರಸಭೆಯ ಕಚೇರಿಯಲ್ಲಿ ಅರ್ಜಿ ಬರೆಯುವ ಮೇಜಿನ ಹಿಂದೆ ಕುಳಿತವನು ನಾನು. ನನ್ನ ಅರ್ಜಿಯಿಂದ ಒಂದು ಬೀದಿಗೆ ದೀಪ ಬಂದಿದೆ. ಒಂದು ಸೇತುವೆಗೆ ಕಂಬಿ ಬಂದಿದೆ. ಕಡತದಲ್ಲಿ ಸತ್ತನೆಂದು ದಾಖಲಾಗಿದ್ದ ಬಡಗಿಯೊಬ್ಬ ನನ್ನ ಎರಡು ಪುಟಗಳ ಬಲದಿಂದ ಮತ್ತೆ ಜೀವಂತನಾಗಿ, ಆ ಸಂತೋಷಕ್ಕೆ ನನಗೊಂದು ಸ್ಟೂಲು ಮಾಡಿಕೊಟ್ಟಿದ್ದಾನೆ. ಇವೆಲ್ಲ ಹೇಳಿಕೊಳ್ಳತಕ್ಕ ಸಾಧನೆಗಳೇ. ಹೇಳಿಕೊಳ್ಳುವುದರಲ್ಲಿ ನಾನು ಜಿಪುಣನೂ ಅಲ್ಲ. ಆದರೂ ನನ್ನ ಬರವಣಿಗೆಯಲ್ಲಿ ಶ್ರೇಷ್ಠವಾದದ್ದು ಯಾವುದೆಂದು ಕೇಳಿದರೆ, ಮೂವತ್ತನಾಲ್ಕು ವರ್ಷಗಳ ಹಿಂದೆ ಒಂದು ಮಂಗಳವಾರ ಹಲ್ಲು ಕಚ್ಚಿಕೊಂಡು, ಮೂರು ನಿಬ್ಬು ಮುರಿದು ಬರೆದು ಮುಗಿಸಿದ ಒಂದೂವರೆ ಪುಟದ ದೂರನ್ನೇ ತೋರಿಸುತ್ತೇನೆ. ಆ ದೂರು ನನ್ನ ಮೇಲಿನದು.

ಹೋದ ವಾರ ಅದನ್ನು ಮೊಮ್ಮಗಳಿಗೆ ಹೇಳಬೇಕಾಗಿ ಬಂತು. ಆಕೆಗೆ ಇಪ್ಪತ್ತು ವರ್ಷ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸ. ಎರಡು ತಿಂಗಳ ಹಿಂದೆ ಅಂಗಡಿಯಲ್ಲೇ ಮೂರ್ಛೆ ಬಂದು ಬಿದ್ದಳು. ಅದು ನನ್ನಿಂದ ಬಂದ ಆಸ್ತಿಯೆಂದು ನನ್ನ ಅಳಿಯನ ಅಭಿಪ್ರಾಯ. ಡಾಕ್ಟರು ಮಾತ್ರೆ ಕೊಟ್ಟರು. ಮೂರ್ಛೆ ನಿಂತಿತು, ಸಿಟ್ಟು ಶುರುವಾಯಿತು. ಇರುವೆಯನ್ನೂ ಸುತ್ತು ಹಾಕಿ ನಡೆಯುತ್ತಿದ್ದ ಹುಡುಗಿ ಅಂದು ತನ್ನ ತಾಯಿಯತ್ತ ಉಪ್ಪಿನ ಡಬ್ಬಿ ಎಸೆದಳು. ಡಬ್ಬಿ ಗೋಡೆಗೆ ಬಡಿಯಿತು. ತಾಯಿ ಅಡುಗೆಮನೆಯಲ್ಲಿ ನಿಂತು ಅತ್ತಳು. ಮಗಳು ಕೋಣೆ ಸೇರಿ ಚಿಲಕ ಹಾಕಿಕೊಂಡು ಅತ್ತಳು. ನಾನು ಬಾಗಿಲು ತಟ್ಟಿದೆ.

"ಮಾತ್ರೆ ಕಸದ ಬುಟ್ಟಿಗೆ ಹಾಕ್ತೀನಿ ತಾತ," ಎಂದಳು ಬಾಗಿಲು ತೆರೆದು. "ಬಿದ್ರೆ ಬೀಳ್ತೀನಿ. ಹೀಗೆ ರಾಕ್ಷಸಿ ಆಗಿರೋಕೆ ನನ್ನಿಂದಾಗಲ್ಲ."

"ಡಾಕ್ಟರಿಗೆ ಹೇಳಿದ್ಯಾ?"

"ಏನಂತ ಹೇಳ್ಲಿ? ಹೆತ್ತ ತಾಯಿಗೆ ಡಬ್ಬಿ ಎಸೀತೀನಿ ಅಂತಾನಾ? ನನಗೆ ನಾಚಿಕೆ ಆಗಲ್ವಾ? ಅವ್ರು ಕೇಳಿದ್ರು, ಏನೂ ತೊಂದ್ರೆ ಇಲ್ಲ ಅಂದೆ."

ಅಕ್ಷರ ಅಕ್ಷರವೂ ನನ್ನದೇ ಮಾತು. ನಾನು ಕುರ್ಚಿ ಎಳೆದುಕೊಂಡು ಕುಳಿತೆ.

ನನಗೆ ಮೂರ್ಛೆರೋಗ ಕಾಣಿಸಿಕೊಂಡದ್ದು ನಲವತ್ತೆರಡನೆಯ ವಯಸ್ಸಿನಲ್ಲಿ. ಮಾತ್ರೆ ಆರಂಭವಾಯಿತು. ಅದಾದ ಮೇಲೆ ಜಗತ್ತಿನಲ್ಲಿ ಎಲ್ಲವೂ ಏಕಕಾಲಕ್ಕೆ ಕೆಟ್ಟುಹೋದಂತೆ ನನಗೆ ತೋರತೊಡಗಿತು. ಗೋಡೆಯ ಗಡಿಯಾರ ಮೂರು ನಿಮಿಷ ಹಿಂದಿತ್ತು. ಅದಕ್ಕೆ ಚಪ್ಪಲಿ ಎಸೆದೆ. ಕ್ಷೌರಿಕ ಮೀಸೆಯ ಎಡಭಾಗ ಕತ್ತರಿಸಿ ಹವಾಮಾನದ ಮಾತೆತ್ತಿದ. ಅವನೊಡನೆ ಜಗಳವಾಡಿ, ಬಲಭಾಗವನ್ನು ಹಾಗೆಯೇ ಉಳಿಸಿಕೊಂಡು ಎದ್ದು ಬಂದೆ, ಎರಡು ದಿನ ಹಾಗೆಯೇ ಓಡಾಡಿದೆ. ಅಂಗಿಯ ಗುಂಡಿ ಕಿತ್ತುಬಂದ ದಿನ ಮಾತ್ರ ಸಿಟ್ಟು ಬರಲಿಲ್ಲ. ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಇಷ್ಟಾದರೂ ಕೆಟ್ಟಿರುವುದು ಗಡಿಯಾರ, ಕ್ಷೌರಿಕ ಮತ್ತು ದಾರ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಡಾಕ್ಟರು ಪ್ರತಿ ಸಲವೂ ಕೇಳುತ್ತಿದ್ದರು: "ನಡತೆಯಲ್ಲಿ, ಮನಸ್ಸಿನಲ್ಲಿ ಏನಾದ್ರೂ ವ್ಯತ್ಯಾಸ?" ನಾನು ಎದೆ ಸೆಟೆಸಿ, "ಏನೂ ತೊಂದ್ರೆ ಇಲ್ಲ," ಎನ್ನುತ್ತಿದ್ದೆ. ಪಕ್ಕದಲ್ಲಿ ಕುಳಿತ ನನ್ನ ಹೆಂಡತಿ ಗೋಡೆಯ ಕ್ಯಾಲೆಂಡರನ್ನು ಪರೀಕ್ಷೆಗೆ ಓದುವವಳಂತೆ ಓದುತ್ತಿದ್ದಳು. ಡಾಕ್ಟರು ಮೆಚ್ಚಿ ಇನ್ನರ್ಧ ಮಾತ್ರೆ ಹೆಚ್ಚಿಸುತ್ತಿದ್ದರು.

ಮನೆಯಲ್ಲಿ ಅವಳು "ರೀ, ಒಂದ್ಮಾತು," ಎಂದರೆ ಸಾಕು, ನಾನು ಹತ್ತು ಮಾತಾಡಿ ಆ ಒಂದನ್ನು ಮುಳುಗಿಸಿಬಿಡುತ್ತಿದ್ದೆ. ಕಚೇರಿಯ ಮೇಜಿನಲ್ಲಿ ಮಾತ್ರ ನಾನು ಬೇರೆಯ ಮನುಷ್ಯ. ನನ್ನನ್ನು ತಿದ್ದಿದ ಹಿರಿಯ ಗುಮಾಸ್ತರು ನಾಲ್ಕು ನಿಯಮ ಹಾಕಿಕೊಟ್ಟಿದ್ದರು. ಬಂದವರನ್ನು ತಿರುಗಿಸಿ ಕಳಿಸಬಾರದು. ಅವರು ಹೇಳಿ ಮುಗಿಸುವ ತನಕ ವಾದಿಸಬಾರದು. ತಾರೀಖು, ಸ್ಥಳ, ಸಾಕ್ಷಿ ಕೇಳದೆ ಒಂದು ವಾಕ್ಯವನ್ನೂ ಬರೆಯಬಾರದು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳದೆ ಸಹಿ ಪಡೆಯಬಾರದು. ಮಾತ್ರೆ ಶುರುವಾದ ಮೇಲಿನ ಎಂಟು ತಿಂಗಳು ಈ ನಿಯಮಗಳನ್ನು ನಾನು ಕಚ್ಚಿ ಹಿಡಿದು ಪಾಲಿಸಿದೆ. ಹಾಗೆ ಕಚ್ಚಿ ಹಿಡಿದದ್ದೆಲ್ಲ ಸಂಜೆ ಮನೆಯಲ್ಲಿ ಹೊರಬೀಳುತ್ತಿತ್ತು. ನನ್ನ ಹೆಂಡತಿ ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವಳಲ್ಲ. ಆದರೆ ಯಾವ ಮೇಜಿನ ಹಿಂದೆ ಗಂಡನ ಬಾಯಿ ಕಟ್ಟಿರುತ್ತದೆಂಬುದು ಅವಳಿಗೆ ಗೊತ್ತಾಗಿತ್ತು.

ಆ ಮಂಗಳವಾರ ನಾನು ತಲೆಯೆತ್ತದೆ, "ಮುಂದಿನವರು ಬನ್ನಿ. ಕೂತ್ಕೊಳ್ಳಿ ತಾಯಿ, ಏನು ದೂರು?" ಎಂದೆ.

"ನಮ್ಮೆಜಮಾನ್ರ ಮೇಲೆ," ಎಂದಿತು ದನಿ.

ತಲೆಯೆತ್ತಿದೆ. ಚೀಟಿ ಸಂಖ್ಯೆ ಹದಿನೇಳನ್ನು ಕೈಯಲ್ಲಿ ಹಿಡಿದು ನನ್ನ ಧರ್ಮಪತ್ನಿ ಕುಳಿತಿದ್ದಳು.

"ಇದೇನೇ ಇದು? ಮನೆಗೆ ನಡಿ!" ಎಂದು ಪಿಸುಗುಟ್ಟಿದೆ.

"ಬಂದವ್ರನ್ನ ತಿರುಗಿಸಿ ಕಳಿಸೋ ಹಾಗಿಲ್ವಂತೆ ಇಲ್ಲಿ. ಬರ್ಕೊಳ್ಳಿ ಗುಮಾಸ್ತ್ರೇ."

ಹಿಂದಿನ ಬೆಂಚಿನಲ್ಲಿ ಹದಿನೆಂಟರಿಂದ ಇಪ್ಪತ್ತಾರರವರೆಗಿನ ಚೀಟಿಗಳು ಕಿವಿ ನಿಮಿರಿಸಿದ್ದವು. ನಾನು ಹಾಳೆ ತೆಗೆದೆ. ಮೊದಲನೆಯ ನಿಬ್ಬು ಮುರಿದದ್ದು ಆಗಲೇ.

"ಘಟನೆ?"

"ಗಡಿಯಾರಕ್ಕೆ ಚಪ್ಪಲಿ ಎಸೆದ್ರು."

'ಎಡಗಾಲಿನ ಚಪ್ಪಲಿ' ಎಂದು ಬರೆದೆ. ದೂರು ನನ್ನ ಮೇಲಿನದಾದರೇನು, ವಿವರ ಅರ್ಧಂಬರ್ಧ ಇರಬಾರದಷ್ಟೆ.

"ಸಾಕ್ಷಿ?"

"ಗಡಿಯಾರ. ಆವತ್ತಿಂದ ನಿಂತೇಹೋಗಿದೆ."

ಹದಿನೆಂಟನೆಯ ಚೀಟಿಯ ಮುದುಕಿ ಕೋಲೂರಿಕೊಂಡು ಮುಂದೆ ಬಂದಳು. "ಇಂಥೋನ ಜೊತೆ ಹೆಂಗೆ ಬಾಳ್ವೆ ಮಾಡ್ತೀಯವ್ವಾ? ವಿಳಾಸ ಹೇಳು, ನನ್ನ ಮಕ್ಕಳು ನಾಲ್ಕು ಜನ ಅವ್ರೆ."

"ಬೇಡ ಅಜ್ಜಿ. ಮನುಷ್ಯ ಒಳ್ಳೆಯವ್ರೇ."

"ಎಲ್ಲಾರೂ ಹಂಗೇ ಅಂತಾರೆ. ಅಲ್ವೇನಪ್ಪಾ ಗುಮಾಸ್ತಾ?"

"ನಾನು ಅಭಿಪ್ರಾಯ ಹೇಳೋ ಹಾಗಿಲ್ಲ ಅಜ್ಜಿ," ಎಂದೆ. ಎರಡನೆಯ ನಿಬ್ಬು ಹೋಯಿತು.

ಕ್ಷೌರಿಕನ ಪ್ರಸಂಗ ಬರೆದೆ. ಗುಂಡಿಯ ಪ್ರಸಂಗಕ್ಕೆ ಬೆಂಚಿನಲ್ಲಿದ್ದ ಗಾರೆಯವನೊಬ್ಬ "ಅಯ್ಯೋ ಪಾಪ!" ಎಂದ. ಅವನ ಮೇಲೆ ನನಗೆ ಇಂದಿಗೂ ಗೌರವವಿದೆ.

"ಇನ್ನೇನಾದ್ರೂ ಇದೆಯಾ?"

ಅವಳು ಅಲ್ಲಿಯವರೆಗೆ ನನ್ನ ಮುಖ ನೋಡುತ್ತಿದ್ದವಳು ಚೀಟಿಯನ್ನು ಮಡಚತೊಡಗಿದಳು. "ಹತ್ತು ವರ್ಷದ ಮಗಳಿದಾಳೆ. ಶಾಲೆಯಿಂದ ಬಂದ್ರೆ ಮೊದ್ಲು ಬಾಗಿಲ ಹತ್ರ ಅಪ್ಪನ ಚಪ್ಪಲಿ ಇದೆಯಾ ನೋಡ್ತಾಳೆ. ಇದ್ರೆ ಹಿತ್ತಿಲ ಬಾಗಿಲಿಂದ ಒಳಗೆ ಬರ್ತಾಳೆ."

ಇದು ನನಗೆ ಗೊತ್ತಿರಲಿಲ್ಲ. ನಾನು ಬರೆದೆ, ಒಂದು ಪದವನ್ನೂ ಸೇರಿಸಲಿಲ್ಲ. ಬರೆದ ಮೇಲೆ ಕೇಳಲೇಬೇಕಾದ ಪ್ರಶ್ನೆ ಇನ್ನೂ ಉಳಿದಿತ್ತು.

"ಇದೆಲ್ಲ ಎಂದಿನಿಂದ?"

"ಮೂರ್ಛೆ ಮಾತ್ರೆ ಶುರುವಾದ ಮೂರನೇ ವಾರದಿಂದ. ಮುಂಚೆ ಹೀಗಿರ್ಲಿಲ್ಲ. ಡೋಸು ಜಾಸ್ತಿ ಆದಾಗೆಲ್ಲ ಇದೂ ಜಾಸ್ತಿ ಆಗಿದೆ. ತಾರೀಖು ಬರೆದಿಟ್ಕೊಂಡಿದೀನಿ." ಸೆರಗಿನಿಂದ ಇನ್ನೊಂದು ಚೀಟಿ ತೆಗೆದು ಮುಂದಿಟ್ಟಳು.

ತಾರೀಖುಗಳನ್ನು ಒಂದರ ಕೆಳಗೊಂದು ಬರೆದೆ. ಇಪ್ಪತ್ತು ಸಾವಿರ ಅರ್ಜಿ ಬರೆದ ಕೈಗೆ ತಾರೀಖುಗಳ ಸಾಲು ಏನು ಹೇಳುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಪ್ಪು ಗಡಿಯಾರದ್ದಾಗಿರಲಿಲ್ಲ. ಕ್ಷೌರಿಕ ನಿರಪರಾಧಿ. ಮೂರನೆಯ ನಿಬ್ಬು ಸಿಟ್ಟಿನಿಂದ ಮುರಿಯಲಿಲ್ಲ. ಕೊನೆಯ ತಾರೀಖಿನ ಕೆಳಗೆ ಗೆರೆ ಎಳೆಯುವಾಗ ಮುರಿಯಿತು.

"ಯಾರಿಗೆ ಬರೀಬೇಕು?"

"ನರರೋಗದ ಡಾಕ್ಟರಿಗೆ."

"ಏನು ಪರಿಹಾರ ಕೋರ್ತೀರಿ?"

"ಮೂರ್ಛೆ ಬೇಡ, ಗಂಡ ಬೇಕು. ಒಂದು ತಗೊಂಡ್ರೆ ಒಂದಿಲ್ಲ ಅನ್ಬಾರ್ದು. ಎರಡೂ ಆಗ್ಬೇಕು."

ನಾಲ್ಕನೆಯ ನಿಯಮದಂತೆ ಎದ್ದು ನಿಂತು, ಇಡೀ ದೂರನ್ನು ಗಟ್ಟಿಯಾಗಿ ಓದಿದೆ. ಕೊನೆಯ ಸಾಲಿಗೆ ಮುದುಕಿ ಕಣ್ಣೊರೆಸಿಕೊಂಡು, "ಚೆನ್ನಾಗಿ ಬರ್ದಿದೀಯಪ್ಪಾ. ನಿನ್ನಂಥ ಗಂಡ ಸಿಕ್ಕಿದ್ರೆ ಇವ್ಳಿಗೆ ಈ ಗತಿ ಬರ್ತಿರ್ಲಿಲ್ಲ," ಎಂದಳು. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಂಟು ತಿಂಗಳ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅಂದು ಸಂಜೆಯೇ ಡಾಕ್ಟರ ಮುಂದೆ ಆ ಹಾಳೆಯಿಟ್ಟೆ. ಅವರು ಎರಡು ಸಲ ಓದಿ ಕನ್ನಡಕ ತೆಗೆದರು. "ಇದು ಮಾತ್ರೆಯ ಕೆಲಸ ಇರ್ಬಹುದು ಸ್ವಾಮಿ, ಕೆಲವರಿಗೆ ಹೀಗಾಗುತ್ತೆ. ಪ್ರತಿ ಸಲ ಕೇಳಿದ್ನಲ್ಲ, ಯಾಕೆ ಹೇಳ್ಲಿಲ್ಲ?"

"ಮರ್ಯಾದೆ ಪ್ರಶ್ನೆ," ಎಂದೆ.

"ಮರ್ಯಾದೆಗೆ ನನ್ಹತ್ರ ಔಷಧಿ ಇಲ್ಲ. ಇದಕ್ಕಿದೆ. ಆದ್ರೆ ಒಂದು ಮಾತು. ಕೋಪ ಬಂತು ಅಂತ ನೀವಾಗೇ ಒಮ್ಮೆಗೇ ನಿಲ್ಲಿಸಿಬಿಟ್ಟಿದ್ರೆ, ಮೂರ್ಛೆ ಮೇಲಿಂದ ಮೇಲೆ ಬಂದು ಜೀವಕ್ಕೇ ಕುತ್ತಾಗ್ತಿತ್ತು."

ಹಳೆಯ ಮಾತ್ರೆಯನ್ನು ವಾರವಾರಕ್ಕೆ ಇಳಿಸುತ್ತ, ಹೊಸದನ್ನು ಏರಿಸುತ್ತ ಎರಡು ತಿಂಗಳು ಕಳೆಯಿತು. ಮೊದಲ ಬದಲಾವಣೆ ಸರಿಹೋಗಲಿಲ್ಲ. ದಿನವಿಡೀ ತೂಕಡಿಸಿ, ಒಬ್ಬರ ಒಳಚರಂಡಿಯ ಅರ್ಜಿಯ ಮೇಲೆ ಗೊರಕೆ ಹೊಡೆದೆ. ಪ್ರಮಾಣ ತಿದ್ದಿದರು. ಆಮೇಲೆ ಸಿಟ್ಟು ಇಳಿಯಿತು. ಪೂರ್ತಿ ಇಳಿಯಿತೆಂದು ನಾನು, ಮುಕ್ಕಾಲು ಇಳಿಯಿತೆಂದು ನನ್ನ ಹೆಂಡತಿ. "ಉಳಿದ ಕಾಲು ಭಾಗ ಮಾತ್ರೆದಲ್ಲ, ಸ್ವಂತದ್ದು," ಎನ್ನುತ್ತಾಳೆ. ಒಂದು ಮಧ್ಯಾಹ್ನ ನನ್ನ ಚಪ್ಪಲಿಗಳು ಬಾಗಿಲಲ್ಲಿರುವಾಗಲೇ ಮಗಳು ಮುಂಬಾಗಿಲಿಂದ ಒಳಗೆ ಬಂದು, "ಅಪ್ಪಾ, ಲೆಕ್ಕ ಹೇಳ್ಕೊಡು," ಎಂದಳು. ಲೆಕ್ಕ ನನಗೂ ಬರುತ್ತಿರಲಿಲ್ಲ. ತಪ್ಪು ತಪ್ಪಾಗಿ ಹೇಳಿಕೊಟ್ಟೆ.

ಇಷ್ಟು ಹೇಳಿ ನಾನು ನಿಲ್ಲಿಸಿದೆ. ಮೊಮ್ಮಗಳು ಮಾತ್ರೆಯ ಪಟ್ಟಿಯನ್ನು ಬೆರಳುಗಳ ನಡುವೆ ತಿರುಗಿಸಿದಳು.

"ಹಿತ್ತಿಲ ಬಾಗಿಲಿಂದ ಬರ್ತಿದ್ದೋಳು ಅಮ್ಮನಾ?" ಎಂದಳು.

"ನನಗೊಬ್ಳೇ ಮಗಳು."

"ಒಂದು ದಿನವೂ ನನ್ನ ಹತ್ರ ಹೇಳಿಲ್ಲ."

ಎದ್ದು ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ತಟ್ಟನೆ ನಿಂತಿತು.

"ಅಮ್ಮಾ," ಎಂದು ಕೂಗಿದಳು, "ಬಾ ಇಲ್ಲಿ. ಪೆನ್ನು ತಗೊಂಡು ಬಾ. ನಾನು ಎಸೆದಿದ್ದು, ಕಿರುಚಿದ್ದು, ಯಾವತ್ತು ಏನು ಅಂತ ನಿನಗೇ ನೆನಪಿರೋದು. ನಾಳೆ ಡಾಕ್ಟರ ಹತ್ರ ನೀನೂ ಬರ್ಬೇಕು." ಆಮೇಲೆ ನನ್ನತ್ತ ತಿರುಗಿ, ಮೂಗೊರೆಸಿಕೊಂಡು, ಮಾತ್ರೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಅಮ್ಮ ಕೂತ ಮೇಲೆ ಇನ್ನೊಂದ್ಸಲ ಹೇಳು ತಾತ. ಅಜ್ಜಿ ಚೀಟಿ ಹಿಡ್ಕೊಂಡು ಬಂದ್ಲಲ್ಲ, ಅಲ್ಲಿಂದ. ಒಂದಕ್ಷರ ಬಿಡ್ಬಾರ್ದು."